ಹುಬ್ಬಿಗೆ ಹರಾಜಿಲ್ಲ

"ಭಾವ, ಐಬ್ರೋಗೆ ಹತ್ತು ರೂಪಾಯಿ ಏರಿಸಿದರೆ ಊರಿನವರು ಏನಂದುಕೋತಾರೆ?"

ಶಿಡ್ಲಘಟ್ಟದಿಂದ ನಾದಿನಿ ಫೋನ್ ಮಾಡಿದಾಗ ನಾನು ಚಿಕ್ಕಬಳ್ಳಾಪುರದ ನಮ್ಮ ಮನೆ ಜಗಲಿಯಲ್ಲಿ ಕೂತು, ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿದುಕುತ್ತಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲಾಭ-ನಷ್ಟದ ಲೆಕ್ಕ ಹೇಳಿಕೊಟ್ಟವನಿಗೆ ನಿವೃತ್ತಿಯಾದ ಮೇಲೆ ಮನೆಯಲ್ಲಿ ಸಿಕ್ಕ ಹುದ್ದೆ ಅದು. ಹಿದುಕುವ ಕೈ ನಿಲ್ಲಿಸದೆ, "ಈಗೆಷ್ಟು ತಗೋತೀಯಮ್ಮ?" ಎಂದೆ. ನಲವತ್ತಂತೆ. "ಐವತ್ತು ಮಾಡು, ಅದರಲ್ಲಿ ಕೇಳೋದೇನಿದೆ?"

"ಕೇಳೋದೇ ಇರೋದು ಭಾವ. ನಮ್ಮ ಬೀದೀಲೇ ಇನ್ನಿಬ್ಬರು ಮೂವತ್ತೈದಕ್ಕೆ ಮಾಡ್ತಾರೆ."

ಈ ನಾದಿನಿ ಮನೆಯ ಮುಂದಿನ ಕೋಣೆಗೆ ಒಂದು ಪರದೆ, ಒಂದು ಕನ್ನಡಿ, ಹಿಂದಕ್ಕೆ ಒರಗುವ ಒಂದು ಕುರ್ಚಿ ಹಾಕಿಕೊಂಡು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಬೋರ್ಡಿನ ಕೆಳಗೆ ದಪ್ಪಕ್ಷರದಲ್ಲಿ 'ಮಹಿಳೆಯರಿಗೆ ಮಾತ್ರ' ಎಂದಿದೆ. ಹಾಗಾಗಿ ನಾನು ಇಲ್ಲಿ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಇನ್ನರ್ಧ ಪರದೆಯ ಈಚೆ ಕೂತು ಕಿವಿಯಾರೆ ಕೇಳಿದ್ದು.

ವಿಚಿತ್ರ ನೋಡಿ. ರೇಟು ಏರುವುದು ಇಳಿಯುವುದರಲ್ಲಿ ನಮ್ಮ ಕಡೆಯವರು ಪಳಗಿದ ಜನ. ಅವಳ ಮನೆಯಿಂದ ಕೂಗಳತೆಯಲ್ಲೇ ರೇಷ್ಮೆಗೂಡಿನ ಮಾರುಕಟ್ಟೆ. ರೈತ ಬೆಳಗ್ಗೆ ಗೂಡು ಸುರಿದುಕೊಂಡು ನಿಂತಿರುತ್ತಾನೆ, ರೀಲರು ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಮೊಬೈಲಿನಲ್ಲಿ ರೇಟು ಒತ್ತುತ್ತಾನೆ. ನಿನ್ನೆಗಿಂತ ಕೆಜಿಗೆ ಐವತ್ತು ಬಿದ್ದರೆ ಹಣೆ ಚಚ್ಚಿಕೊಂಡಾದರೂ ಕೊಟ್ಟು ಬರುತ್ತಾನೆ. ಚಿಂತಾಮಣಿಯವರಿಗೆ ಟೊಮ್ಯಾಟೊ ಕಲಿಸಿದ ಪಾಠ ಇನ್ನೂ ದೊಡ್ಡದು. ರಸ್ತೆ ಬದಿಗೆ ಸುರಿದು ಹೋದದ್ದೂ ಉಂಟು, 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸಿಗೆ ಎರಡು ಸಾವಿರ ದಾಟಿದ್ದೂ ಉಂಟು. ಗೌರಿಬಿದನೂರಿನವರು ಮೆಕ್ಕೆಜೋಳದ ರೇಟಿಗೆ ಕಾದು ಕೂತು ಅಭ್ಯಾಸ. ನಮ್ಮ ಚಿಕ್ಕಬಳ್ಳಾಪುರದ ಸೇವಂತಿಗೆಯಂತೂ ಹಬ್ಬದ ಹಿಂದಿನ ದಿನ ಚಿನ್ನ, ಹಬ್ಬದ ಮಾರನೆ ದಿನ ದನಕ್ಕೆ ಮೇವು. ಇಷ್ಟೆಲ್ಲ ಸಹಿಸಿಕೊಂಡ ಜನ, ಐಬ್ರೋ ನಲವತ್ತರಿಂದ ಐವತ್ತಾಯಿತು ಅಂದರೆ ಮಾತ್ರ ಆ ಹುಬ್ಬನ್ನೇ ಗಂಟಿಕ್ಕುತ್ತಾರೆ.

ಗಂಡಸರ ಕಡೆ ಈ ತಾಪತ್ರಯ ಕಡಿಮೆ. ನಾನು ಹೋಗುವ ಕಟಿಂಗ್ ಶಾಪಿನಲ್ಲಿ ಕನ್ನಡಿಯ ಪಕ್ಕ, ದೇವರ ಪಟದ ಕೆಳಗೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ನೇತಾಡುತ್ತದೆ. ಮೇಲೆ ಸವಿತಾ ಸಮಾಜದ ಸಂಘದ ಹೆಸರು, ಕೆಳಗೆ ಕಟಿಂಗ್ ಇಷ್ಟು, ಶೇವಿಂಗ್ ಇಷ್ಟು, ಮಕ್ಕಳಿಗೆ ಇಷ್ಟು, ತುದಿಯಲ್ಲಿ 'ಮಂಗಳವಾರ ರಜೆ'. ಯಾರಾದರೂ ತಕರಾರು ತೆಗೆದರೆ ಕತ್ತರಿ ಹಿಡಿದ ಅಣ್ಣ ಮಾತಾಡುವುದೇ ಇಲ್ಲ, ಬಾಚಣಿಗೆಯ ತುದಿಯಿಂದ ಆ ಹಾಳೆ ತೋರಿಸುತ್ತಾನೆ. ಊರಿನ ಎಲ್ಲ ಅಂಗಡಿಯಲ್ಲೂ ಅದೇ ಹಾಳೆ ಇರುವುದರಿಂದ ಗಿರಾಕಿ ಎದ್ದು ಹೋಗಿಯಾದರೂ ಎಲ್ಲಿಗೆ ಹೋದಾನು? ಸಾಲದ್ದಕ್ಕೆ ಅರ್ಧ ಕತ್ತರಿಸಿದ ತಲೆ ಹೊತ್ತು ಬೀದಿಗಿಳಿದು ಚೌಕಾಸಿ ಮಾಡುವ ಧೈರ್ಯ ಯಾವ ಗಂಡಸಿಗೂ ಇಲ್ಲ.

ಮಂಗಳವಾರ ಅಂದೆನಲ್ಲ, ಒಂದು ಮಾತು ನೆನಪಾಯಿತು. ಕೊರೊನಾ ಲಾಕ್‌ಡೌನಿನಲ್ಲಿ ಎರಡು ತಿಂಗಳು ಕಟಿಂಗ್ ಶಾಪುಗಳು ಮುಚ್ಚಿದ್ದವು. ನಮ್ಮವಳು ಸೊಪ್ಪು ಹೆಚ್ಚುವ ಉತ್ಸಾಹದಲ್ಲಿ ನನ್ನ ತಲೆಗೆ ಕೈ ಹಾಕಿದ್ದಳು, ಆಮೇಲೆ ಹದಿನೈದು ದಿನ ನಾನು ಟೋಪಿ ತೆಗೆಯಲಿಲ್ಲ. ಕೊನೆಗೆ ಸರ್ಕಾರ ಬಾಗಿಲು ತೆರೆಯಲು ಅಪ್ಪಣೆ ಕೊಟ್ಟದ್ದು 2020ರ ಮೇ 19ರಿಂದ. ಕ್ಯಾಲೆಂಡರ್ ತೆಗೆದು ನೋಡಿ, ಅವತ್ತು ಮಂಗಳವಾರ! ತಲತಲಾಂತರದಿಂದ ಕತ್ತರಿ ಮುಟ್ಟದ ವಾರವನ್ನೇ ಆರಿಸಿ ಕೊಟ್ಟಿದ್ದರು. ಅದೇ ತಿಂಗಳು ರಾಜ್ಯದ 2 ಲಕ್ಷ 30 ಸಾವಿರ ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರವನ್ನೂ ಘೋಷಿಸಿದ್ದರು. ನಾದಿನಿ ಪೇಪರ್ ಓದಿ, "ನಾನೂ ಕೂದಲು ಕತ್ತರಿಸ್ತೀನಲ್ಲ ಭಾವ, ನಾನು ಇದರಲ್ಲಿ ಬರ್ತೀನಾ?" ಎಂದು ಕೇಳಿದ್ದಳು. ಅವಳ ಪ್ರಶ್ನೆಗೆ ಬಾಚಣಿಗೆ ತೋರಿಸಿ ಉತ್ತರ ಹೇಳಲು ಅವಳ ಗೋಡೆಯ ಮೇಲೆ ಯಾವ ಸಂಘದ ಹಾಳೆಯೂ ಇರಲಿಲ್ಲ.

ಆ ಹಾಳೆಯ ಬಗ್ಗೆ ನನಗೆ ಗೌರವ ಇದೆ, ತಮಾಷೆಗೆ ಹೇಳುತ್ತಿಲ್ಲ. ನಮ್ಮಜ್ಜನ ಕಾಲದಲ್ಲಿ ಹಳ್ಳಿಯ ಆಯಗಾರರಲ್ಲಿ ಕ್ಷೌರದವರೂ ಒಬ್ಬರು. ವರ್ಷಪೂರ್ತಿ ಮನೆಮಂದಿಯ ತಲೆ, ಗಡ್ಡ ನೋಡಿಕೊಂಡು, ಸುಗ್ಗಿಯಲ್ಲಿ ಕಣದ ಅಂಚಿಗೆ ಬಂದು ನಿಂತರೆ ಗೌಡರು ಮೊರದಲ್ಲಿ ಹಾಕಿದಷ್ಟು ರಾಗಿ. ಮಳೆ ಹೋದ ವರ್ಷ ಅವರ ಕೂಲಿಯೂ ಹೋಯಿತು. ತಲೆ ಮಾತ್ರ ಬರಗಾಲದಲ್ಲೂ ಬೆಳೆಯುತ್ತಲೇ ಇತ್ತು. ನಮ್ಮ ಭಾಷೆಯಾದರೂ ಎಂಥದ್ದು ನೋಡಿ: ಮೋಸ ಹೋದವನು 'ತಲೆ ಬೋಳಿಸಿಬಿಟ್ಟರು' ಅನ್ನುತ್ತಾನೆ. ಬೋಳಿಸುವ ಕಸುಬಿನವರು ಯಾರಿಗೂ ಟೋಪಿ ಹಾಕಿದ್ದು ನಾನು ಕಂಡಿಲ್ಲ, ಅವರ ಕೂಲಿಯನ್ನು ಊರೇ ಬೋಳಿಸಿದ್ದು ಮಾತ್ರ ಕೇಳಿದ್ದೇನೆ.

ಇರಲಿ, ನಾದಿನಿಯ ಲೆಕ್ಕಕ್ಕೆ ಬರೋಣ. ಮೇಷ್ಟ್ರು ಸುಮ್ಮನಿರುತ್ತಾನೆಯೇ? ಮುಂದಿನ ಭಾನುವಾರವೇ ನೋಟ್‌ಬುಕ್ ಹಿಡಿದು ಶಿಡ್ಲಘಟ್ಟದ ಬಸ್ ಹತ್ತಿದೆ. ಕುರ್ಚಿ, ಕನ್ನಡಿಯ ಸಾಲದ ಕಂತು, ಕರೆಂಟು, ಕ್ರೀಮು, ಪೌಡರು, ನೂಲಿನ ಉಂಡೆ, ಎಲ್ಲ ಸೇರಿ ತಿಂಗಳಿಗೆ 4,500. ಅವಳ ದುಡಿಮೆಗೆ ಹೆಚ್ಚೇನೂ ಬೇಡ, 12,000 ಇಟ್ಟುಕೊಂಡೆ. ಒಟ್ಟು 16,500. ತಿಂಗಳಿಗೆ 26 ದಿನ ಕೆಲಸ, ದಿನವಿಡೀ ಬಾಗಿಲು ತೆರೆದಿದ್ದರೂ ನಿಜವಾಗಿ ಕೈಯಾಡುವುದು ಮೂರು ಗಂಟೆ. ಅಂದರೆ 78 ಗಂಟೆ. ಭಾಗಿಸಿದರೆ ಗಂಟೆಗೆ 211 ಚಿಲ್ಲರೆ. ಗಿರಾಕಿ ಕೂತು ಏಳುವವರೆಗೆ ಐಬ್ರೋಗೆ ಕಾಲು ಗಂಟೆ ಹಿಡಿದರೆ ಹತ್ತಿರ ಹತ್ತಿರ 53 ರೂಪಾಯಿ. "ನೋಡಮ್ಮ, ನಲವತ್ತಕ್ಕೆ ಮಾಡಿದರೆ ಒಂದೊಂದು ಹುಬ್ಬಿಗೂ ನಿನಗೆ ಆರೂವರೆ ರೂಪಾಯಿ ನಷ್ಟ" ಎಂದು ಹೆಮ್ಮೆಯಿಂದ ಹಾಳೆ ಮುಂದಿಟ್ಟೆ.

ಅವಳು ಓದಿ ನಕ್ಕಳು. "ಭಾವ, ಮಾತಿನ ಟೈಮ್ ಹಾಕೇ ಇಲ್ವಲ್ಲ!"

ಅವಳು ಹೇಳಿದ್ದು ಅರ್ಥವಾಗಬೇಕಾದರೆ ಆ ಕೆಲಸ ಹತ್ತಿರದಿಂದ ನೋಡಬೇಕು. ದೀಪಾವಳಿಗೆ ನಮ್ಮ ಮನೆಗೆ ಬಂದಾಗ ನಮ್ಮವಳಿಗೆ ಮಾಡುತ್ತಿದ್ದಳು, ಅಲ್ಲಿ 'ಮಹಿಳೆಯರಿಗೆ ಮಾತ್ರ' ಬೋರ್ಡ್ ಇರಲಿಲ್ಲವಾದ್ದರಿಂದ ನೋಡಿದೆ. ನೂಲಿನ ಒಂದು ತುದಿ ಹಲ್ಲಿನಲ್ಲಿ, ಉಳಿದದ್ದು ಎರಡು ಕೈಯ ಬೆರಳುಗಳಲ್ಲಿ, ನಡುವೆ ನಾಲ್ಕೈದು ತಿರುವು. ಬೆರಳು ಅಗಲಿಸಿದಾಗ ಆ ತಿರುವು ಸರಕ್ಕನೆ ಸರಿದು, ಹುಬ್ಬಿನಂಚಿನ ಒಂದು ಸಾಲು ಕೂದಲನ್ನು ಕಿತ್ತುಕೊಂಡು ಬರುತ್ತದೆ. ಕೂತವರು ಒಂದು ಕೈಯಿಂದ ರೆಪ್ಪೆ, ಇನ್ನೊಂದರಿಂದ ಹಣೆ ಬಿಗಿ ಹಿಡಿದಿರಬೇಕು. ಕಣ್ಣಲ್ಲಿ ನೀರು, ಮೂಗಿನ ಮೇಲೆ ಪೌಡರು. ಒಂದು ಎಳೆ ಹೆಚ್ಚು ಬಂದರೂ ತಿಂಗಳುಗಟ್ಟಲೆ ಆ ಮುಖ ಸದಾ ಆಶ್ಚರ್ಯಪಟ್ಟ ಹಾಗೇ ಇರುತ್ತದೆ. ಇಷ್ಟು ನಾಜೂಕಿನ ಕೆಲಸದ ನಡುವೆ ಕೂತವರ ಬಾಯಿ ಮಾತ್ರ ಖಾಲಿ! ಅತ್ತೆ, ಸೊಸೆ, ಚೀಟಿ ಎತ್ತಿಕೊಂಡು ಊರು ಬಿಟ್ಟವರು, ಎಲ್ಲ ಬರುತ್ತದೆ. ಇವಳೋ ಹಲ್ಲಿನಲ್ಲಿ ನೂಲು ಕಚ್ಚಿಕೊಂಡವಳು, 'ಹೂಂ' ಅನ್ನಲೂ ಆಗದು. ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳುವ ಮನುಷ್ಯರು ಈ ಕಾಲದಲ್ಲಿ ಇನ್ನೆಲ್ಲಿ ಸಿಗುತ್ತಾರೆ? ಹುಬ್ಬು ಎಂಟು ನಿಮಿಷದಲ್ಲಿ ಮುಗಿದರೂ ಕಥೆ ಮುಗಿಯುವುದು ಮುಕ್ಕಾಲು ಗಂಟೆಗೆ. ಬೆಂಗಳೂರಿನಲ್ಲಿ ಕೌನ್ಸೆಲಿಂಗ್ ಅಂತ ಬೇರೆ ಬಿಲ್ಲು ಹಾಕುವ ಸೇವೆ ಶಿಡ್ಲಘಟ್ಟದಲ್ಲಿ ನಲವತ್ತು ರೂಪಾಯಿಯೊಳಗೇ ಸೇರಿಹೋಗಿದೆ.

ಚೌಕಾಸಿಗೆ ನಮ್ಮ ಸೀಮೆಯಲ್ಲಿ ಎರಡು ಭಾಷೆ ಬೇರೆ. ಕನ್ನಡದಲ್ಲಿ ರೇಟು ಕೇಳಿ, "ಅಬ್ಬಾ!" ಎಂದು ಕನ್ನಡದಲ್ಲೇ ಬೆಚ್ಚಿಬಿದ್ದು, "ಕೊಂಚಂ ತಗ್ಗಿಂಚಮ್ಮಾ" ಎಂದು ತೆಲುಗಿಗೆ ಇಳಿಯುತ್ತಾರೆ. ತೆಲುಗಿಗೆ ಇಳಿದರು ಅಂದರೆ ನೆಂಟಸ್ತಿಕೆಗೆ ಇಳಿದರು ಅಂತಲೇ ಅರ್ಥ. ಒಬ್ಬರ ಮಗಳು ಇವಳ ಮಗನ ಕ್ಲಾಸು, ಇನ್ನೊಬ್ಬರು ಹಾಲು ಹಾಕುವವರ ಅಕ್ಕ. "ನಾನೇನು ಬೇರೆಯವಳಾ?" ಅಂದಮೇಲೆ ಮುಗಿಯಿತು. ಇಷ್ಟು ಚಿಕ್ಕ ಊರಿನಲ್ಲಿ ಬೇರೆಯವರನ್ನು ಎಲ್ಲಿಂದ ತರುವುದು? ಒಬ್ಬರಂತೂ, "ತಿರುಪತೀಲಿ ಇಡೀ ತಲೆ ಪುಕ್ಕಟೆ ಬೋಳಿಸ್ತಾರೆ, ನೀನು ಎರಡು ಹುಬ್ಬಿಗೆ ನಲವತ್ತು ಅಂತೀಯ" ಎಂದರಂತೆ. ಅದಕ್ಕೆ ನಾದಿನಿ, "ಅಲ್ಲಿ ಕೂದಲು ತಿಮ್ಮಪ್ಪ ಇಟ್ಕೊಂಡು ಹರಾಜು ಹಾಕ್ತಾನಕ್ಕಾ. ನಿಮ್ಮ ಹುಬ್ಬಿನ ಕೂದಲು ನಾನು ಗುಡಿಸಿ ಹಾಕಬೇಕು" ಅಂದಳಂತೆ. ಈ ಉತ್ತರಕ್ಕೆ ನಾನಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

2025ರ ಸೆಪ್ಟೆಂಬರ್ 22ರಿಂದ ಸಲೂನು, ಪಾರ್ಲರುಗಳ ಜಿಎಸ್‌ಟಿ 18ರಿಂದ ಶೇಕಡಾ 5ಕ್ಕೆ ಇಳಿಯಿತಲ್ಲ, ಆವಾಗ ಎದುರು ಮನೆಯಾಕೆ ಟಿವಿ ನೋಡಿಕೊಂಡು ನೆಟ್ಟಗೆ ಬಂದು, "ಹದಿಮೂರು ಪರ್ಸೆಂಟ್ ಕಡಿಮೆ ಮಾಡು" ಎಂದು ಕೂತುಬಿಟ್ಟಳು. ಜಿಎಸ್‌ಟಿ ಹಾಕಿಯೇ ಇಲ್ಲ, ವರ್ಷಕ್ಕೆ 20 ಲಕ್ಷದ ವಹಿವಾಟು ದಾಟಿದವರಿಗೆ ಅದು ಎಂದು ನಾನು ಫೋನಿನಲ್ಲೇ ಪಾಠ ಮಾಡಬೇಕಾಯಿತು. "ಇಪ್ಪತ್ತು ಲಕ್ಷವಾ? ನಿಮ್ಮ ಬಾಯಿಗೆ ಸಕ್ಕರೆ ಹಾಕ ಭಾವ" ಎಂದಳು ನಾದಿನಿ.

ಇವಳ ಕೈಗೆ ನಾಲ್ಕು ಕಾಸು ಹತ್ತುವುದು ಮದುವೆಗಳಲ್ಲಿ. ಐಬ್ರೋ ಮಾಡುವಾಗ ಇವಳು 'ಪಾರ್ಲರ್ ಆಂಟಿ'. ಅದೇ ಕೈ, ಅದೇ ಡಬ್ಬಿ ಕಲ್ಯಾಣ ಮಂಟಪಕ್ಕೆ ಹೋದ ಕೂಡಲೇ 'ಮೇಕಪ್ ಆರ್ಟಿಸ್ಟ್'. ಗೌರಿಬಿದನೂರಿನ ಒಂದು ಮದುವೆಗೆ ಆರು ಸಾವಿರಕ್ಕೆ ಒಪ್ಪಿದ್ದಳು. ಬೆಂಗಳೂರಿನವರನ್ನು ಕರೆಸಿದರೆ ಇದರ ಎರಡರಷ್ಟಾದರೂ ಆಗುತ್ತಿತ್ತು ಎಂದು ಹೆಣ್ಣಿನ ಕಡೆಯವರೇ ಖುಷಿಯಾಗಿದ್ದರು. ಬೆಳಗಿನ ಜಾವದ ಮುಹೂರ್ತ. ರಾತ್ರಿ ಎರಡೂವರೆಗೆ ಹೊರಟು ಮಂಚೇನಹಳ್ಳಿ ದಾರಿಯಲ್ಲಿ ಕಾರು ಓಡಿಸಿಕೊಂಡು ಹೋದವನು ನಾನು. ಪೆಟ್ರೋಲ್ ಅವಳ ಲೆಕ್ಕದಲ್ಲಿ ಇರಲಿಲ್ಲ, ನನ್ನ ನಿದ್ದೆ ಯಾರ ಲೆಕ್ಕದಲ್ಲೂ ಇರಲಿಲ್ಲ.

ಹೆಣ್ಣಿಗೆ ಬಣ್ಣ ಹಚ್ಚಿ, ಮೊಗ್ಗಿನ ಜಡೆ ಕಟ್ಟಿ ಮುಗಿಸುವಷ್ಟರಲ್ಲಿ ಬಾಗಿಲ ಹತ್ತಿರ ಸೀರೆ ಕೈಯಲ್ಲಿ ಹಿಡಿದ ಸೋದರತ್ತೆ ಪ್ರತ್ಯಕ್ಷ. "ನಂಗೇನೂ ಬೇಡಮ್ಮ, ನೆರಿಗೆಗೆ ಒಂದು ಪಿನ್ ಹಾಕ್ಬಿಡು." ಪಿನ್ ಹಾಕಿದಳು. "ಹಾಗೇ ಸ್ವಲ್ಪ ಪೌಡರು." ಪೌಡರು ಆಯಿತು. "ಆ ಕಣ್ಣಿಗೆ ಹಚ್ಚಿದ್ಯಲ್ಲ, ಅದು ನಂಗೆ ಒಪ್ಪುತ್ತಾ?" ಅವರ ಹಿಂದೆ ಚಿಕ್ಕಮ್ಮ, ಚಿಕ್ಕಮ್ಮನ ಹಿಂದೆ ಗಂಡಿನ ಅಕ್ಕ. ಗಂಡಿನ ಕಡೆಯವರಿಗೆ ಇಲ್ಲ ಅನ್ನಲಾದೀತೇ? ಒಬ್ಬ ಹೆಣ್ಣಿಗೆ ಮಾತಾಡಿದ ಆರು ಸಾವಿರದಲ್ಲಿ ಒಂಬತ್ತು ಮುಖ ಎದ್ದು ಮಂಟಪಕ್ಕೆ ನಡೆದವು. ಹತ್ತನೆಯವರಾಗಿ ಹೆಣ್ಣಿನ ಅಪ್ಪ ಬಂದು, ಮೀಸೆಯ ಬಿಳಿಕೂದಲು ತೋರಿಸಿ, "ಇದಕ್ಕೇನಾದರೂ ಇದೆಯೇನಮ್ಮಾ?" ಎಂದರು. ಅವರು ದುಡ್ಡು ಕೊಡುವವರು, ಅವರಿಗೂ ಆಯಿತು.

ವಾಪಸು ಬರುವಾಗ ನಾನು ಸಿಟ್ಟಾಗಿ, "ಮುಂದಿನ ಸಲ ತಲೆಗೆ ಇಷ್ಟು ಅಂತ ಮೊದಲೇ ಮಾತಾಡು, ಅಡ್ವಾನ್ಸ್ ತಗೋ. ಛತ್ರದವರು, ಅಡುಗೆಯವರು, ವಾಲಗದವರು ತಗೊಳ್ಳಲ್ವಾ?" ಎಂದೆ. ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಅಂತೂ ನನ್ನ ಒತ್ತಾಯಕ್ಕೆ ರೇಟ್ ಬೋರ್ಡ್ ಬಂತು. ಲ್ಯಾಮಿನೇಟ್ ಮಾಡಿಸಿದ ಖರ್ಚು ನನ್ನದು. ಐಬ್ರೋ 50, ಹೇರ್‌ಕಟ್ ಇಷ್ಟು, ಫೇಶಿಯಲ್ ಇಷ್ಟು, ಸೀರೆ ಉಡಿಸಲು ತಲೆಗೆ ಇಷ್ಟು. ವಾರ ಬಿಟ್ಟು ಫೋನ್ ಮಾಡಿದರೆ ನಾದಿನಿಯ ದನಿಯಲ್ಲಿ ಹಬ್ಬ. "ಎಲ್ಲರೂ ಬೋರ್ಡ್ ಓದ್ತಾರೆ ಭಾವ. 'ಇದು ಬೇರೆಯವರಿಗಲ್ವಾ ಅಕ್ಕಾ?' ಅಂತಾರೆ. ಹೂಂ, ನಿಮಗೆ ನಲವತ್ತೇ ಅಂತೀನಿ. ಹತ್ತು ರೂಪಾಯಿ ಉಳೀತು ಅಂತ ಕುಣ್ಕೊಂಡು ಹೋಗ್ತಾರೆ. ಈ ವಾರ ಮೂವತ್ತೈದರವರ ಗಿರಾಕಿಗಳೂ ಮೂರು ಜನ ಬಂದಿದ್ರು!" ಆಷಾಢದಲ್ಲಿ ಸೀರೆ ಅಂಗಡಿಯವರು ಮಾಡುವುದನ್ನು ನನ್ನ ಗಣಿತ ಮೂವತ್ತು ವರ್ಷದಲ್ಲಿ ಕಲಿತಿರಲಿಲ್ಲ.

ಮೊನ್ನೆ ನಮ್ಮವಳು ತಂಗಿಯ ಮನೆಗೆ ಹೋಗಿ ಬಂದಳು. ಹುಬ್ಬು ಕಮಾನಿನಂತೆ ಮಿರಿಮಿರಿ ಎನ್ನುತ್ತಿತ್ತು. "ನಿನ್ನ ಹತ್ರ ಎಷ್ಟು ತಗೊಂಡಳು?" ಎಂದೆ.

"ಅಕ್ಕನ ಹತ್ರ ದುಡ್ಡು ತಗೋತಾಳಾ? ನೀವು ಹಿದುಕಿಟ್ಟಿದ್ರಲ್ಲ ಅವರೆಬೇಳೆ, ಆ ಡಬ್ಬಿ ಕೊಟ್ಟು ಬಂದೆ."

ಆ ಡಬ್ಬಿ ತುಂಬಲು ನನಗೆ ಮೂರು ಗಂಟೆ ಹಿಡಿದಿತ್ತು, ಉಗುರ ಸಂದಿ ಇನ್ನೂ ಉರಿಯುತ್ತಿತ್ತು. ನಾನೇ ಬರೆದ ಲೆಕ್ಕದಂತೆ ಗಂಟೆಗೆ 211 ಹಿಡಿದರೆ ಎರಡು ಹುಬ್ಬಿಗೆ 633 ರೂಪಾಯಿ. ಇದನ್ನು ಹೇಳೋಣ ಎಂದು ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಹೋದರೆ, ಅವಳು ಇನ್ನೆರಡು ಸೇರು ಕಾಳನ್ನು ನೀರಿಗೆ ಸುರಿಯುತ್ತಿದ್ದಳು. ಮುಂದಿನ ವಾರ ಫೇಶಿಯಲ್ ಅಂತೆ.