ಬದಲಿ ಆಳು

ಕೈರೋದ ತಹ್ರೀರ್ ಚೌಕದ ಮ್ಯೂಸಿಯಮ್ಮಿಗೆ ಹೋದವರೆಲ್ಲ ತೂತಾಂಖಾಮುನ್ ದೊರೆಯ ಚಿನ್ನದ ಮುಖವಾಡದ ಮುಂದೆ ಬಾಯಿಬಿಟ್ಟು ನಿಲ್ಲುತ್ತಿದ್ದ ಕಾಲವದು. ನಾವೂ ನಿಂತೆವು. ಹತ್ತು ಕಿಲೋಗೂ ಮಿಕ್ಕಿದ ತೂಕ ಎಂದು ಗೈಡ್ ಹೇಳಿದ್ದೇ ತಡ, ನನ್ನಾಕೆ ಮನಸ್ಸಿನಲ್ಲೇ ಗ್ರಾಮಿನ ಲೆಕ್ಕ ಹಾಕತೊಡಗಿದಳು. ಸೊನ್ನೆಗಳಿಗೆ ಬೆರಳು ಸಾಲದೆ ಕೈಬಿಟ್ಟಳು. ಅಷ್ಟರಲ್ಲಿ ಯಾವ ದೇಶದ್ದೋ ಒಂದು ಮೊಣಕೈ ಬಂದು ನನ್ನನ್ನು ಪಕ್ಕಕ್ಕೆ ಸರಿಸಿತು. ಚಿನ್ನ ನನ್ನ ಹಣೆಯಲ್ಲಿ ಬರೆದದ್ದೇ ಅಷ್ಟು.

ಸರಿಯುತ್ತ ಸರಿಯುತ್ತ ಗೊಂಬೆಗಳ ಮುಂದೆ ಬಂದು ನಿಂತೆ. ಕೆಲವು ಮರದವು, ಕೆಲವು ಕಲ್ಲಿನವು, ಮತ್ತೆ ಕೆಲವಕ್ಕೆ ನೀಲಿ ಮೆರುಗು. ಎಲ್ಲವೂ ಎದೆಯ ಮೇಲೆ ಕೈಯಿಟ್ಟುಕೊಂಡು ಸಾಲಾಗಿ ನಿಂತಿದ್ದವು. “ಇವರ ಮನೆಯಲ್ಲಿ ದಸರಾ ಜೋರು ಕಣ್ರೀ” ಎಂದಳು ಇವಳು.

ದಸರಾ ಅಲ್ಲ, ದುಡಿಮೆ. ಈ ಗೊಂಬೆಗಳ ಹೆಸರು ಉಶಬ್ತಿ. ಸತ್ತ ಮೇಲೂ ಒಸಿರಿಸ್ ದೇವರ ಹೊಲದಲ್ಲಿ ಉಳಬೇಕು, ನೀರು ಕಟ್ಟಬೇಕು, ಮರಳು ಹೊರಬೇಕು ಎಂಬುದು ಈಜಿಪ್ಟಿನವರ ನಂಬಿಕೆ. ಈ ಬಿಟ್ಟಿ ಚಾಕರಿಗೆ ಅಲ್ಲಿಂದ ಕರೆ ಬಂದಾಗ ಯಜಮಾನನ ಬದಲಿಗೆ ಗೊಂಬೆ ಓಗೊಟ್ಟು ಹಾಜರಾಗಬೇಕು. ಮೂವತ್ತಮೂರು ವರ್ಷ ಗುಮಾಸ್ತನಾಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ನನಗೆ ಈ ಉಪಾಯ ಹೊಳೆಯಲೇ ಇಲ್ಲವಲ್ಲ!

1922ರ ನವೆಂಬರಿನಲ್ಲಿ ಹೊವಾರ್ಡ್ ಕಾರ್ಟರ್ ಕಂಡುಹಿಡಿದ ಈ ದೊರೆಯ ಗೋರಿಯಲ್ಲಿ ಇಂಥ ಗೊಂಬೆಗಳು 413 ಇದ್ದವು. ದಿನಕ್ಕೊಬ್ಬರಂತೆ 365 ಆಳುಗಳು. ಈಜಿಪ್ಟಿನವರ ವಾರಕ್ಕೆ ಹತ್ತು ದಿನ. ಅದಕ್ಕೆ ವಾರಕ್ಕೊಬ್ಬ ಮೇಸ್ತ್ರಿಯಂತೆ 36 ಮಂದಿ. ಅವರ ಮೇಲೆ ತಿಂಗಳಿಗೊಬ್ಬ ದೊಡ್ಡ ಮೇಸ್ತ್ರಿ, 12. ಅಂದರೆ ಪರಲೋಕದಲ್ಲೂ ಮೇಲಧಿಕಾರಿ ತಪ್ಪಿದ್ದಲ್ಲ. ಆದರೂ ಹತ್ತು ಮಂದಿ ದುಡಿಯುವವರಿಗೆ ಒಬ್ಬನೇ ಮೇಸ್ತ್ರಿ ಎಂಬುದನ್ನು ಮೆಚ್ಚಲೇಬೇಕು. ನಮ್ಮ ಕಚೇರಿಯಲ್ಲಿ ಈ ಲೆಕ್ಕ ತಿರುವುಮುರುವಾಗಿತ್ತು. ಆ ಒಬ್ಬ ನಾನೇ ಆಗಿದ್ದೆ.

ದೊರೆ ತೀರಿಕೊಂಡಾಗ ಹತ್ತೊಂಬತ್ತರ ಆಸುಪಾಸಿನ ಹುಡುಗ. ಅವನ ಜೊತೆಗೆ ಮಂಚ, ಕುರ್ಚಿ, ರಥ, ಪಾದರಕ್ಷೆ, ಹೂಜಿಗಟ್ಟಲೆ ದ್ರಾಕ್ಷಾರಸ, ಪೆಟ್ಟಿಗೆಗಟ್ಟಲೆ ಮಾಂಸ, ನೂರಕ್ಕೂ ಹೆಚ್ಚು ಊರುಗೋಲು ಎಲ್ಲವನ್ನೂ ಕಟ್ಟಿಕೊಟ್ಟಿದ್ದರು. ಆರು ದಿನದ ಪ್ರವಾಸಕ್ಕೆ ಚಟ್ನಿಪುಡಿ, ಹುರಿಯವಲಕ್ಕಿ, ಎರಡು ಬಗೆಯ ಉಪ್ಪಿನಕಾಯಿ ತುಂಬಿದ್ದಕ್ಕೆ ಇವಳನ್ನು ವಿಮಾನ ನಿಲ್ದಾಣದಲ್ಲಿ ರೇಗಿಸಿದ್ದೆ. ಆ ಊರುಗೋಲುಗಳನ್ನು ಕಂಡಮೇಲೆ ಬಾಯಿ ಮುಚ್ಚಿಕೊಂಡೆ. ಹೊರಟವರ ಕೈ ಬರಿದಾಗಿರಬಾರದು ಎನ್ನುವ ಸಂಕಟ ಎಲ್ಲ ಕಾಲದ ಮನೆಗಳಲ್ಲೂ ಒಂದೇ.

ಮೂರು ಸಾವಿರಕ್ಕೂ ಹೆಚ್ಚು ವರ್ಷ ಆ ಗೊಂಬೆಗಳು ಕತ್ತಲಲ್ಲಿ ಕರೆಗಾಗಿ ಕಾದವು. ಕಡೆಗೆ ಬಂದದ್ದು ವರ್ಗಾವಣೆ: ಮೊದಲು ತಹ್ರೀರಿಗೆ, ಈಗ ದೊರೆಯ ಸಾಮಾನು ಸರಂಜಾಮಿನೊಂದಿಗೆ ಗೀಝಾದ ಪಿರಮಿಡ್ಡುಗಳ ಬಳಿಯ ಹೊಸ ಮ್ಯೂಸಿಯಮ್ಮಿಗೆ. ಚಾಕರಿ ಎಂದಮೇಲೆ ಅದೂ ಇದ್ದದ್ದೇ.

ಬರುವಾಗ ಖಾನ್ ಎಲ್ ಖಲೀಲಿ ಪೇಟೆಯಲ್ಲಿ ಚೌಕಾಸಿ ಮಾಡಿ ಬೆರಳುದ್ದದ ಒಂದು ನಕಲಿ ಉಶಬ್ತಿ ತಂದು ಟೀವಿಯ ಪಕ್ಕ ನಿಲ್ಲಿಸಿದ್ದೇನೆ. ಮೊನ್ನೆ ಅಡುಗೆಮನೆಯಿಂದ ಕರೆ ಬಂತು: “ರೀ, ಕಾಯಿ ತುರಿದುಕೊಡಿ.” ಆಸೆಯಿಂದ ಗೊಂಬೆಯ ಕಡೆ ನೋಡಿದೆ. ಅದು ಕದಲಲಿಲ್ಲ. ಈಳಿಗೆಮಣೆ ಹುಡುಕಿಕೊಂಡು ನಾನೇ ಎದ್ದೆ.