ಹಾಫ್ ಪ್ಲೇಟ್ ರಾಯರು

ಬೆಂಗಳೂರಿನ ಪ್ರತಿ ಬಡಾವಣೆಗೂ ಒಬ್ಬ ಹಾಫ್ ಪ್ಲೇಟ್ ರಾಯರು ಇರುತ್ತಾರೆ. ರಾಯರೇ ಆಗಿರಬೇಕೆಂದೇನೂ ಇಲ್ಲ. ಗೌಡರೂ ಆಗಬಹುದು, ಶೆಟ್ಟರೂ ಆಗಬಹುದು, ವರ್ಗವಾಗಿ ಬಂದು ಇಲ್ಲೇ ಉಳಿದ ಪಾಟೀಲರೂ ಆಗಬಹುದು. ವಯಸ್ಸು ಐವತ್ತೈದರ ಆಚೆ ಈಚೆ. ಸಕ್ಕರೆ ಕಾಯಿಲೆ ಹೊಸ್ತಿಲ ತನಕ ಬಂದು ಒಳಗೆ ಬರಲೋ ಬೇಡವೋ ಎಂದು ನಿಂತಿರುತ್ತದೆ. ದಿನಾ ಸಂಜೆ ಒಂದು ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿರುತ್ತಾರೆ. ರಾಯರು ತಪ್ಪದೆ ನಡೆಯುತ್ತಾರೆ. ಎಷ್ಟು ಹೊತ್ತು ಎಂದಷ್ಟೇ ಡಾಕ್ಟರು ಹೇಳಿದ್ದು, ಎಲ್ಲಿಗೆ ಎಂದು ಹೇಳಿರಲಿಲ್ಲವಲ್ಲ.

ಹನುಮಂತನಗರದ ಕಡೆಯ ನಮ್ಮ ರಾಯರಿಗೆ ಸಂಜೆ ಆರೂವರೆ ಎಂದರೆ ನೂಡಲ್ಸ್ ಗಾಡಿಗಳಿಗೆ ದೀಪ ಹತ್ತುವ ಹೊತ್ತು. ಕಾಲಿಗೆ ವಾಕಿಂಗ್ ಶೂ, ತಲೆಗೆ ಮಂಕಿ ಟೋಪಿ, ಜೇಬಿನಲ್ಲಿ ಮಡಚಿದ ಬಟ್ಟೆ ಚೀಲ. ಚೀಲ ಕಂಡವರು ತರಕಾರಿಗೆ ಹೊರಟಿದ್ದಾರೆ ಅಂದುಕೊಳ್ಳಬೇಕು, ಶೂ ಕಂಡವರು ವಾಕಿಂಗಿಗೆ ಅಂದುಕೊಳ್ಳಬೇಕು. ಗಾಡಿಯ ಮುಂದೆಯೇ ಸಿಕ್ಕಿಬಿದ್ದರೂ ರಾಯರು ತಡವರಿಸುವುದಿಲ್ಲ.

“ಏನಿಲ್ಲ ಕಣ್ರೀ, ಹುಡುಗ ಹೊಸದಾಗಿ ಗಾಡಿ ಹಾಕಿದಾನೆ. ಹೆಂಗೆ ಮಾಡ್ತಾನೆ, ಸುಮ್ನೆ ಟೇಸ್ಟ್ ನೋಡೋಣ ಅಂತ.”

ಆ ಹುಡುಗ ಅಲ್ಲಿ ಗಾಡಿ ಹಾಕಿ ವರ್ಷಗಳಾಗಿವೆ. ಮದುವೆಯಾಗಿ, ಮಗಳನ್ನು ಎಲ್‌ಕೆಜಿಗೆ ಸೇರಿಸಿದ್ದಾನೆ. ರಾಯರ ಮಟ್ಟಿಗೆ ಇನ್ನೂ ಹೊಸಬ.

ರಾಯರು ತಿನ್ನುವವರಲ್ಲ, ಟೇಸ್ಟ್ ನೋಡುವವರು. ತಿನ್ನುವುದೆಂದರೆ ಫುಲ್ ಪ್ಲೇಟು. ಅದು ಹಸಿದವರ, ಹಾಸ್ಟೆಲ್ ಹುಡುಗರ ಕೆಲಸ. ಟೇಸ್ಟ್ ನೋಡುವುದಕ್ಕೆ ಹಾಫ್ ಸಾಕು. ಇದರ ಹಿಂದೆ ಗಣಿತವೂ ಇದೆ. ಫುಲ್ ಪ್ಲೇಟಿಗೆ ಹುಡುಗನ ಕೈ ಲೆಕ್ಕ ಹಾಕುತ್ತದೆ, ಹಾಫ್ ಪ್ಲೇಟಿಗೆ ಅದೇ ಕೈ ಮರುಕಪಟ್ಟು ಒಂದು ಹಿಡಿ ಹೆಚ್ಚು ಉದುರಿಸುತ್ತದೆ. ಹಾಗಾಗಿ ಎರಡು ಹಾಫ್ ಯಾವತ್ತೂ ಒಂದು ಫುಲ್‌ಗಿಂತ ದೊಡ್ಡದು ಎಂಬುದು ರಾಯರ ಸಿದ್ಧಾಂತ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರ ಮಾತು, ತೆಗೆದುಹಾಕುವಂತಿಲ್ಲ. ಇಲ್ಲೊಂದು ಹಾಫ್ ನೂಡಲ್ಸ್, ಸಿಗ್ನಲ್ ದಾಟಿ ಇನ್ನೊಂದು ಗಾಡಿಯಲ್ಲಿ ಹಾಫ್ ಗೋಬಿ, ಬರುವ ದಾರಿಯಲ್ಲಿ “ಇವನ ಕೈ ಹೇಗಿದೆ ಇವತ್ತು” ಎಂದು ಮತ್ತೊಂದು ಹಾಫ್. ಒಟ್ಟು ಒಂದೂವರೆ ಪ್ಲೇಟ್ ಹೊಟ್ಟೆಗೆ ಇಳಿದಿದ್ದರೂ ರಾಯರ ದಾಖಲೆಯಲ್ಲಿ ಅವರು ಆ ದಿನ ತಿಂದದ್ದು ಹಾಫ್ ಮಾತ್ರ.

ಆ ಗಾಡಿಗಳನ್ನು ನೀವೂ ನೋಡಿದ್ದೀರಿ. ಕೆಂಪು ಬಣ್ಣ, ಅದರ ಮೇಲೆ ಬಾಯಿ ತೆರೆದ ಡ್ರ್ಯಾಗನ್, ಡ್ರ್ಯಾಗನ್ನಿನ ಕೊರಳಿಗೆ ಸರಿಯಾಗಿ ನಿಂಬೆಹಣ್ಣು ಮೆಣಸಿನಕಾಯಿ. ಬೋರ್ಡಿನಲ್ಲಿ ಮೊದಲು ಶ್ರೀ, ಆಮೇಲೆ ಮನೆದೇವರ ಹೆಸರು, ಕೊನೆಗೆ ಚೈನೀಸ್ ಫಾಸ್ಟ್ ಫುಡ್. ಮಧ್ಯಾಹ್ನವೇ ಬೇಯಿಸಿ, ಎಣ್ಣೆ ಸವರಿ, ಅಂಟದಂತೆ ಬಿಡಿಸಿಟ್ಟ ನೂಡಲ್ಸಿನ ಗುಡ್ಡ. ಪಕ್ಕದಲ್ಲಿ ಎಳೆಎಳೆಯಾಗಿ ಹೆಚ್ಚಿದ ಕೋಸು, ಕ್ಯಾರೆಟ್ಟು, ದಪ್ಪಮೆಣಸಿನಕಾಯಿ. ಬರ್ನರ್ ಭೋರ್ ಎಂದ ಕೂಡಲೇ ಬಾಣಲೆ ಹೊಗೆಯಾಡುತ್ತದೆ, ಕೋಸು ಬೀಳುತ್ತದೆ, ನೂಡಲ್ಸ್ ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು ವಾಪಸ್ ಬರುತ್ತದೆ. ಸೋಯಾ ಸಾಸ್, ವಿನಿಗರ್, ಚಿಲ್ಲಿ ಸಾಸ್ ಮೂರೂ ಮುಚ್ಚಳಕ್ಕೆ ತೂತು ಕೊರೆದ ಹಳೆಯ ಬಾಟಲಿಗಳಿಂದ ಪಿಚಕ್ ಪಿಚಕ್ ಎಂದು ಹಾರುತ್ತವೆ. ಸೌಟಿನಿಂದ ಬಾಣಲೆಯ ಅಂಚಿಗೆ ಟಣ್ ಟಣ್ ಎಂದು ಎರಡೇಟು. ಅಡುಗೆಗೂ ಆ ಸದ್ದಿಗೂ ಏನೂ ಸಂಬಂಧವಿಲ್ಲ. ಅದು ಬೀದಿಯ ಆ ತುದಿಯಲ್ಲಿರುವ ರಾಯರಿಗೆ ಕಳಿಸಿದ ಕರೆಯೋಲೆ.

ಗಾಡಿಯ ಮುಂದೆ ನಿಂತ ರಾಯರು ಮೊದಲು ಮಾಡುವುದು ವಿಚಾರಣೆ.

“ಯಾವೂರಪ್ಪಾ ನಿಂದು?”

“ಕುಣಿಗಲ್ ಸಾರ್.”

ರಾಯರ ಮುಖ ಸ್ವಲ್ಪ ಇಳಿಯುತ್ತದೆ. ಬಾಣಲೆ ಹಿಡಿದ ಹುಡುಗ ನೇಪಾಳದವನೋ ಡಾರ್ಜಿಲಿಂಗ್ ಕಡೆಯವನೋ ಆಗಿದ್ದರೆ ಅವರಿಗೆ ಒಂದು ಭರವಸೆ. ಆದರೆ ಕುಣಿಗಲ್ಲಿನವನ ನೂಡಲ್ಸನ್ನೂ ಅವರು ಬಿಟ್ಟವರಲ್ಲ. ಎರಡನೆಯ ಪ್ರಶ್ನೆ, “ಎಗ್‌ದು ಬಾಣಲೆ ಬೇರೇನಾ?”

“ಬೇರೆ ಸಾರ್.”

ಗಾಡಿಯ ಮೇಲೆ ಇರುವುದೇ ಒಂದು ಬಾಣಲೆ. ರಾಯರು ಆ ಕ್ಷಣಕ್ಕೆ ಎದುರುಗಡೆಯ ಮೆಡಿಕಲ್ ಸ್ಟೋರಿನ ಬೋರ್ಡು ಓದುತ್ತಾರೆ. ಕೇಳುವುದು ಧರ್ಮ, ನೋಡುವುದು ಅಧಿಕಪ್ರಸಂಗ.

ಮೂರನೆಯದು ಆದೇಶ. ಅಕ್ಕಪಕ್ಕದವರಿಗೆಲ್ಲ ಕೇಳುವಂತೆ, “ಟೇಸ್ಟಿಂಗ್ ಪೌಡರ್ ಹಾಕ್ಬೇಡ.” ಹುಡುಗ ಹಾಕುವುದಿಲ್ಲ. ರಾಯರು ಎರಡು ಫೋರ್ಕು ತಿಂದು ಆಕಾಶ ನೋಡುತ್ತಾರೆ.

“ಯಾಕೋ ಸಪ್ಪೆ ಅನ್ಸುತ್ತಲ್ಲಪ್ಪ.”

“ಪೌಡರ್ ಬೇಡ ಅಂದ್ರಲ್ಲ ಸಾರ್.”

“ಒಂದ್ ಚಿಟಿಕೆ ಹಾಕು. ಸುಮ್ನೆ ನೋಡೋಣ.”

ಈ ಪುಡಿಯ ಮೇಲೆ ರಾಯರಿಗೆ ಸಿಟ್ಟೂ ಇದೆ, ಪ್ರೀತಿಯೂ ಇದೆ. 1908ರಲ್ಲಿ ಟೋಕಿಯೊದ ಕಿಕುನಾಯೆ ಇಕೆಡಾ ಎಂಬ ರಸಾಯನಶಾಸ್ತ್ರದ ಪ್ರೊಫೆಸರು ಸಮುದ್ರದ ಪಾಚಿಯ ಸಾರಿಗೆ ಅಷ್ಟು ರುಚಿ ಎಲ್ಲಿಂದ ಬಂತೆಂದು ಹುಡುಕಹೊರಟು ಗ್ಲುಟಮೇಟ್ ಎಂಬ ವಸ್ತುವನ್ನು ಕಂಡುಕೊಂಡರು; ಅದೇ ಮುಂದೆ ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಟೊಮ್ಯಾಟೊದಲ್ಲೂ ಅದು ಸಹಜವಾಗಿಯೇ ಇದೆ. ಇದನ್ನು ಯಾರೋ ಹೇಳಿದ ದಿನ ರಾಯರಿಗೆ ಬಹಳ ಸಮಾಧಾನವಾಯಿತು. “ನೋಡ್ರೀ, ಮನೆಯವರು ಮಾಡೋ ತಿಳಿಸಾರಿನಲ್ಲೂ ಇದೆಯಂತೆ!” ಮನೆಯವರು ಆ ಹೋಲಿಕೆಯನ್ನು ಹೊಗಳಿಕೆಯೆಂದು ತೆಗೆದುಕೊಳ್ಳಲಿಲ್ಲ.

ಪ್ಲೇಟು ಕೈಗೆ ಬಂದಮೇಲೆ ಪ್ರವಚನ. ಹಕ್ಕಾ ನೂಡಲ್ಸ್ ಎಂದರೆ ಚೀನಾದಿಂದ ಕೋಲ್ಕತಾಕ್ಕೆ ಬಂದು ನೆಲೆಸಿದ ಹಕ್ಕಾ ಜನರದ್ದು. ಅವರು ಚರ್ಮ ಹದಮಾಡುತ್ತಿದ್ದ ಟ್ಯಾಂಗ್ರಾದ ಬೀದಿಗಳಲ್ಲೇ ಈ ಖಾರದ ಚೈನೀಸ್ ಹದವಾದದ್ದು. ಇನ್ನು ಮಂಚೂರಿಯನ್ನಿಗೂ ಮಂಚೂರಿಯಾಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ. ಕೋಲ್ಕತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1970ರ ದಶಕದಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿದ್ದಾಗ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ನಮ್ಮ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರ್ ಕಲಸಿ ಮಾಡಿದ್ದೇ ಚಿಕನ್ ಮಂಚೂರಿಯನ್ ಎಂಬುದು ಎಲ್ಲರೂ ಹೇಳುವ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂದಮೇಲೆ ಅದು ಕರ್ನಾಟಕದ ಜಾತ್ರೆ, ತೇರು, ಬಸ್‌ಸ್ಟ್ಯಾಂಡುಗಳಿಗೆಲ್ಲ ಹಬ್ಬಿತು. ಪುರಿ, ಬೆಂಡು ಬತ್ತಾಸಿನ ಸಾಲಿನಲ್ಲಿ ಈಗ ಗೋಬಿಯವನಿಗೂ ಖಾಯಂ ಜಾಗ.

ಇಂಥ ಗೋಬಿಗೆ 2024ರ ಮಾರ್ಚಿನಲ್ಲಿ ಕಂಟಕ ಬಂತು. ಸರ್ಕಾರದವರು ರಾಜ್ಯದ ಬೇರೆಬೇರೆ ಕಡೆಯಿಂದ 171 ಗೋಬಿ ಮಾದರಿ ತರಿಸಿ ಪರೀಕ್ಷೆ ಮಾಡಿಸಿದರೆ 107ರಲ್ಲಿ ಹಾಕಬಾರದ ಬಣ್ಣ. ಕೃತಕ ಬಣ್ಣ ಬಳಸುವಂತಿಲ್ಲವೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಬೊಂಬಾಯಿ ಮಿಠಾಯಿಗೂ ಅದೇ ಗತಿ. ಮರುದಿನ ರಾಯರು ಬಡಾವಣೆಯ ಪಾರ್ಕಿನಲ್ಲಿ, “ನಾನು ಅವತ್ತೇ ಹೇಳಿರ್ಲಿಲ್ವಾ” ಎಂದು ಶುರುಮಾಡಿದರು. ಅವತ್ತು ಎಂದರೆ ಯಾವತ್ತು ಎಂದು ಯಾರೂ ಕೇಳಲಿಲ್ಲ. ಸಂಜೆ ಗಾಡಿಯ ಮುಂದೆ ಮಾತ್ರ ಬೇರೆ ರಾಗ. ಬಣ್ಣವಿಲ್ಲದ ಗೋಬಿ ತಟ್ಟೆಯಲ್ಲಿ ಬೆಳ್ಳಗೆ ಕೂತಿತ್ತು. ರಾಯರು ಟೂತ್‌ಪಿಕ್ಕಿನಿಂದ ಅದನ್ನು ಆ ಕಡೆ ಈ ಕಡೆ ಮಗುಚಿ, “ಮುಖದಲ್ಲಿ ಕಳೇನೇ ಇಲ್ಲವಲ್ಲಪ್ಪ, ಜ್ವರ ಬಂದು ಎದ್ದ ಹಾಗಿದೆ” ಎಂದರು. ಎಂದವರು ಬಿಡಲಿಲ್ಲ, ಆರೋಗ್ಯಕ್ಕೆ ಒಳ್ಳೆಯದೆಂಬ ಕಾರಣಕ್ಕೆ ಇನ್ನೊಂದು ಹಾಫ್ ಹೇಳಿದರು.

ರಾಯರ ಮುಖ್ಯ ಲಕ್ಷಣ ಇದ್ಯಾವುದೂ ಅಲ್ಲ. ನೀವು ಎಲ್ಲಿ ನಿಂತು ತಿನ್ನುತ್ತಿದ್ದೀರೋ ಅದು ಸರಿಯಾದ ಗಾಡಿಯಲ್ಲ ಎಂದು ನಿಮಗೆ ತಿಳಿಸುವುದೇ ಅವರ ಜೀವನದ ಕೆಲಸ. “ಇಲ್ಲೇನು ತಿಂತೀರಿ ಸ್ವಾಮಿ! ಶ್ರೀನಗರ ಬಸ್‌ಸ್ಟ್ಯಾಂಡ್ ಹತ್ರ ಒಬ್ಬ ಇದಾನೆ…” ನೀವು ಶ್ರೀನಗರಕ್ಕೆ ಹೋದಿರೋ, ಅಲ್ಲಿಯೂ ರಾಯರು ಪ್ರತ್ಯಕ್ಷ. “ಇವನು ಪರವಾಗಿಲ್ಲ. ಆದ್ರೆ ವಿ.ವಿ. ಪುರಂ ತಿಂಡಿಬೀದಿ ಹಿಂದೆ ಒಬ್ಬ ಮಾಡ್ತಿದ್ದ ನೋಡಿ…” ಆ ‘ಮಾಡ್ತಿದ್ದ’ ಎಂಬಲ್ಲಿ ನೀವು ಎಚ್ಚರವಾಗಬೇಕು. ಜಗತ್ತಿನ ಅತ್ಯುತ್ತಮ ನೂಡಲ್ಸ್ ಗಾಡಿ ಯಾವಾಗಲೂ ಮೆಟ್ರೊ ಕೆಲಸಕ್ಕೋ ವೈಟ್ ಟಾಪಿಂಗಿಗೋ ಎದ್ದುಹೋಗಿರುತ್ತದೆ; ಅದರ ರುಚಿ ಕಂಡವರು ಈ ಭೂಮಿಯ ಮೇಲೆ ರಾಯರೊಬ್ಬರೇ ಉಳಿದಿರುತ್ತಾರೆ. ಇಂಥ ಸಾಕ್ಷಿಯನ್ನು ಪಾಟಿ ಸವಾಲು ಮಾಡುವುದು ಹೇಗೆ?

ಗಾಡಿಯ ರಾಜನನ್ನು ಕೆಫೆಯಲ್ಲಿ ನೋಡಬೇಕು. ಮಗಳಿಗೆ ಬಡ್ತಿಯಾದ ಸಂತೋಷಕ್ಕೆ ಅವಳು ಅಪ್ಪ ಅಮ್ಮನನ್ನು ಇಂದಿರಾನಗರಕ್ಕೆ ಕರೆದುಕೊಂಡು ಹೋದಳು. ಮಂದ ಬೆಳಕು, ಗೋಡೆಗೆ ಜಪಾನಿ ಅಕ್ಷರ, ಕೂರಲು ಬೆನ್ನಿಲ್ಲದ ಸ್ಟೂಲು. ರಾಯರು ಮೊಬೈಲಿನ ಟಾರ್ಚು ಹಾಕಿಕೊಂಡು ಮೆನು ಓದಿದರು. ವೆಜ್ ರಾಮೆನ್, ಒಂದು ಬಟ್ಟಲಿಗೆ 550 ರೂಪಾಯಿ. ರಾಯರ ತುಟಿ ಅಲುಗಿತು. ಅದು ಎಷ್ಟು ಹಾಫ್ ಪ್ಲೇಟಾಯಿತೆಂದು ಭಾಗಾಕಾರ ನಡೆದಿತ್ತು. ಬಳಿಬಂದ ಹುಡುಗನಿಗೆ ಗಂಭೀರವಾಗಿ ಹೇಳಿದರು.

“ಒಂದು ರಾಮೆನ್. ಬೈಟು.”

ಮಗಳು ನೀರಿನ ಲೋಟದೊಳಗೆ ಮುಖ ಮರೆಸಿಕೊಂಡಳು. ಹುಡುಗ ಮಾತ್ರ ಸ್ವಲ್ಪವೂ ವಿಚಲಿತನಾಗದೆ ಎರಡು ಬಟ್ಟಲು ತಂದಿಟ್ಟ. ಬೈಟು ಕಾಫಿ, ಬೈಟು ಸೂಪು ಕಂಡ ಊರು ಇದು. ಜಪಾನಿನದೇ ಆಗಲಿ, ಇಲ್ಲಿಗೆ ಬಂದಮೇಲೆ ಎರಡು ಭಾಗವಾಗಲೇಬೇಕು. ಚಾಪ್‌ಸ್ಟಿಕ್ ಮಾತ್ರ ರಾಯರ ಮಾತು ಕೇಳಲಿಲ್ಲ. ಒಂದೊಂದೇ ಎಳೆ ಮೇಲೆದ್ದು, ಬಾಯಿಯ ತನಕ ಬಂದು, ಮನಸ್ಸು ಬದಲಿಸಿ ವಾಪಸ್ ಹೋಗುತ್ತಿತ್ತು. ಅಷ್ಟರಲ್ಲಿ ಮಗಳು, ಜಪಾನಿನಲ್ಲಿ ನೂಡಲ್ಸನ್ನು ಸದ್ದುಮಾಡಿ ಹೀರಿದರೆ ಯಾರೂ ತಪ್ಪು ತಿಳಿಯುವುದಿಲ್ಲ ಎಂದು ಬಾಯಿತಪ್ಪಿ ಹೇಳಿಬಿಟ್ಟಳು. ರಾಯರ ಕಣ್ಣು ಅರಳಿತು. ಸಾರನ್ನಕ್ಕೆ ಕೂತಾಗಲೆಲ್ಲ “ರೀ, ಸದ್ದು!” ಎಂದು ಗದರಿಸಿಕೊಂಡ ಜೀವ ಅದು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹೀರಿದ ಆ ಸೊರ್ರ್ ಶಬ್ದಕ್ಕೆ ಆಚೆ ಮೇಜಿನವರು ಇಯರ್‌ಫೋನ್ ತೆಗೆದು ನೋಡಿದರು.

ರಾಯರನ್ನು ಸೋಲಿಸಿದವರು ಇಲ್ಲವೆಂದಲ್ಲ. ಸಂಸಾರ ಸಮೇತ ಕೊಡಗಿಗೆ ಹೊರಟವರು ದಾರಿಯಲ್ಲಿ ಬೈಲಕುಪ್ಪೆಯಲ್ಲಿ ಇಳಿದರು. ಟಿಬೆಟ್ಟಿನ ನಿರಾಶ್ರಿತರಿಗೆ ಮೈಸೂರು ರಾಜ್ಯ ಜಮೀನು ಕೊಟ್ಟು ನೆಲೆ ಮಾಡಿಕೊಟ್ಟ ಊರು. ಎಲ್ಲರೂ ಚಿನ್ನದ ದೇವಸ್ಥಾನ ನೋಡಲು ಒಳಗೆ ಹೋದರೆ, ಕಾಲುನೋವೆಂದು ಹೊರಗುಳಿದ ರಾಯರು ಅದೇ ಕಾಲಿನಲ್ಲಿ ಪಕ್ಕದ ಸಣ್ಣ ಹೋಟೆಲಿಗೆ ನಡೆದರು. ಒಂದು ಹಾಫ್ ವೆಜ್ ತುಕ್ಪಾ ಎಂದರು. ಟಿಬೆಟಿ ಅಮ್ಮ ಅಚ್ಚ ಕನ್ನಡದಲ್ಲಿ, “ಹಾಫ್ ಎಲ್ಲ ಇಲ್ಲ ಅಣ್ಣ. ಕೂತ್ಕೊಂಡು ಪೂರ್ತಿ ತಿನ್ನಿ, ಮಳೆ ಬರ್ತಾ ಇದೆ” ಎಂದು ಸೊಪ್ಪು, ತರಕಾರಿ, ನೂಡಲ್ಸು ತೇಲುವ ದೊಡ್ಡ ಬಟ್ಟಲು ಇಟ್ಟುಬಿಟ್ಟರು. ಟೇಸ್ಟ್ ನೋಡುವ ಅವಕಾಶವೇ ಸಿಗದೆ ರಾಯರು ಅಂದು ಊಟ ಮಾಡಬೇಕಾಯಿತು. ಬೆವರೊರೆಸಿಕೊಂಡು ಎದ್ದವರು, ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತದೆಂದು ಯಾರಿಗೂ ಹೇಳಲಿಲ್ಲ.

ಇಷ್ಟೆಲ್ಲ ನೂಡಲ್ಸ್ ಮೋಹವಿರುವ ಮನುಷ್ಯನಿಗೆ ಮನೆಯಲ್ಲಿ ಮಾಡುವ ಒತ್ತು ಶಾವಿಗೆ ಬೇಡ. ರಾಯರ ಮನೆಯವರು ತೀರ್ಥಹಳ್ಳಿ ಕಡೆಯವರು. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿಯಿರುವಾಗಲೇ ಒತ್ತಿ, ಕಾಯಿಹಾಲು ಜೊತೆಗಿಟ್ಟರೆ ನೆಂಟರು ಇನ್ನೆರಡು ದಿನ ಉಳಿಯುತ್ತಾರೆ. ರಾಯರ ವೈರಾಗ್ಯಕ್ಕೆ ಕಾರಣ ರುಚಿಯಲ್ಲ. ಶಾವಿಗೆ ಒತ್ತುವ ಕೆಲಸ ಗಂಡಸರದ್ದು, ಭುಜದ ಬಲವನ್ನೇ ಬೇಡುತ್ತದೆ. ಗಾಡಿಯವನು ಯಾವತ್ತೂ “ಬನ್ನಿ, ಸ್ವಲ್ಪ ಒತ್ತಿಕೊಡಿ” ಅನ್ನುವುದಿಲ್ಲ. ಆದರೆ ಚೀನಾದ ಲಾಜಿಯಾ ಎಂಬಲ್ಲಿ ಬೋರಲು ಬಿದ್ದ ಮಣ್ಣಿನ ಬಟ್ಟಲಿನಡಿ ಸುಮಾರು 4000 ವರ್ಷ ಹಳೆಯ ನೂಡಲ್ಸ್ ಸಿಕ್ಕಿದ್ದು, ಅದು ಗೋಧಿಯದ್ದಲ್ಲ, ನವಣೆ ಬರಗಿನಂಥ ಸಿರಿಧಾನ್ಯದ್ದೆಂದು 2005ರಲ್ಲಿ ವಿಜ್ಞಾನಿಗಳು ಬರೆದದ್ದು ತಿಳಿದಾಗ ಮಾತ್ರ ರಾಯರು ಎದೆಯುಬ್ಬಿಸಿದರು. “ನವಣೆ! ಅಂದ್ರೆ ನಮ್ಮದೇ ಆಯ್ತಲ್ಲ ಸ್ವಾಮಿ!” ಮಾರನೆಯ ದಿನ ಮನೆಯವರು ನವಣೆ ಅನ್ನ ಮಾಡಿ ಬಡಿಸಿದರು. ರಾಯರಿಗೆ ಅಂದು ಹಸಿವಿರಲಿಲ್ಲ.

ಹಸಿವಿಲ್ಲದಿರುವುದೇ ಅವರಿಗೆ ದಿನದಿನದ ಗಂಡಾಂತರ. ರಾತ್ರಿ ಎಂಟೂವರೆಗೆ ತಟ್ಟೆ ಹಾಕಿದಾಗ “ಸ್ವಲ್ಪ ಸಾಕು” ಎಂದರೆ ಸಿಕ್ಕಿಬೀಳುತ್ತಾರೆ. ಹಾಗಾಗಿ ಒಂದೂವರೆ ಪ್ಲೇಟಿನ ಮೇಲೆ ಮುದ್ದೆಯನ್ನೂ ನಗುನಗುತ್ತಾ ಇಳಿಸುತ್ತಾರೆ. ಅಂಗಿಯ ಸೋಯಾ ಕಲೆಗೆ ಇಂಕು ಎಂಬ ವಿವರಣೆ ಇದೆ, ನಿವೃತ್ತಿಯಾದ ಮೇಲೂ. ದೊಡ್ಡ ಶತ್ರುವೆಂದರೆ ಮೊಬೈಲು. ಇಬ್ಬರ ಹೆಸರಿನ ಖಾತೆಗೆ ಮನೆಯವರ ನಂಬರು ಕೊಟ್ಟಿದ್ದರಿಂದ, ಇಲ್ಲಿ ರಾಯರು ಸ್ಕ್ಯಾನ್ ಮಾಡಿದರೆ ಅಲ್ಲಿ ಅಡುಗೆಮನೆಯಲ್ಲಿ ಟಿಣ್ ಎನ್ನುತ್ತದೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿ, ಊರಿನ ಅಂಗಡಿ ಗಾಡಿಗಳೆಲ್ಲ ‘ಕ್ಯಾಶ್ ಮಾತ್ರ’ ಎಂದು ಚೀಟಿ ಅಂಟಿಸಿದವಲ್ಲ, ಆಗ ವ್ಯಾಪಾರಿಗಳು ತಲೆಯ ಮೇಲೆ ಕೈಹೊತ್ತರೆ ರಾಯರು ಒಬ್ಬರೇ ಹಬ್ಬ ಮಾಡಿದರು. ಟಿಣ್ ಇಲ್ಲ, ಗುರುತಿಲ್ಲ, ಜಾಡಿಲ್ಲ.

ಆ ಸುಖ ಬಹಳ ದಿನ ಇರಲಿಲ್ಲ. ಚೀಟಿಗಳು ಒಂದೊಂದಾಗಿ ಕಿತ್ತುಹೋದವು. ಮೊನ್ನೆ ಸಂಜೆ ಗಾಡಿಯ ಮುಂದೆ ರಾಯರ ಜೇಬಿನಲ್ಲಿ ಚಿಲ್ಲರೆ ಮುಗಿದಿತ್ತು. ತಂತ್ರ ಹೊಳೆಯಿತು: ಮಗಳ ಖಾತೆಗೆ ಜೋಡಿಸಿದ ಇನ್ನೊಂದು ಆ್ಯಪಿನಿಂದ ಹಣ ಕೊಟ್ಟರಾಯಿತು. ಸ್ಕ್ಯಾನ್ ಮಾಡಿದರು. ಅಷ್ಟರಲ್ಲಿ ಮನೆಯಿಂದ ಫೋನು.

“ಎಲ್ಲಿದೀರಿ?”

“ವಾಕಿಂಗಲ್ಲೇ ಇದೀನಿ ಕಣೇ, ಪಾರ್ಕ್ ಹತ್ರ…”

ಗಾಡಿಗೆ ನೇತುಹಾಕಿದ ಡಬ್ಬಿ ಆ ಕ್ಷಣಕ್ಕೇ ಗಂಟಲು ತೆರೆದು, ಬೀದಿಗೆಲ್ಲ ಕೇಳುವಂತೆ ಸ್ಪಷ್ಟ ಕನ್ನಡದಲ್ಲಿ, “ಐವತ್ತು ರೂಪಾಯಿ ಬಂದಿದೆ” ಎಂದು ಸಾರಿತು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹುಡುಗನೂ ಸೌಟು ಎತ್ತಿದವನು ಹಾಗೇ ನಿಂತ.

“ಬರುವಾಗ ನನಗೂ ಒಂದು ಪಾರ್ಸೆಲ್ ತನ್ನಿ” ಎಂದರು ಮನೆಯವರು. “ಫುಲ್ಲು.”