ನಿಮ್ಮ ಕತ್ತಿಗೆ ಗೊಣಗೋ ಚಾಳಿ ಇದ್ಯಾ?

ನಿಜ ಹೇಳಿ, ಬೇರೆಯವರೆಲ್ಲ ಕಾಫಿಗೆ ಎದ್ದಾಗ ನೀವೊಬ್ರೇ ಡಿಎಂ ಪಕ್ಕ ಸರಿದು ಕೂತು ಏನೋ ಪಿಸುಗುಟ್ತೀರಲ್ಲ, ಏನದು? "ನನ್ ಕತ್ತಿ ಒಂಚೂರು ಸ್ಪೆಷಲ್ ಮಾಡ್ಕೊಡೋ ಮಾರಾಯ" ಅಂತ ತಾನೇ? ಒಂಚೂರು ಅಂತೆ! ಬೆಂಕಿ ಉಗುಳಬೇಕು, ಕತ್ತಲಲ್ಲಿ ಹೊಳೀಬೇಕು, ಎಸೆದ್ರೆ ತಾನಾಗೇ ವಾಪಸ್ ಕೈಗೆ ಬರಬೇಕು. (ಹಿಡಿಗೆ ಒಂದು ಮಾಣಿಕ್ಯ ಬೇರೆ. ಅದು ಬರೀ ಶೋಕಿಗೆ.)

ಇದ್ಯಾವ ಆಟ ಅಂತ ಮೂಲೇಲಿ ಕೂತೋರು ಕಣ್ ಪಿಳಿಪಿಳಿ ಬಿಡ್ತಿದ್ದಾರೆ, ಅವರಿಗೆ ಎರಡೇ ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಹುಟ್ಟುಹಾಕಿದ್ದು. ಪೇಪರ್, ಪೆನ್ಸಿಲ್, ದಾಳ, ಬಾಯಿ ಇದ್ರೆ ಸಾಕು. ಡಂಜನ್ ಮಾಸ್ಟರ್, ಅಂದ್ರೆ ಡಿಎಂ, ಕಥೆ ನಡೆಸ್ತಾನೆ, ನೀವು ಮಂತ್ರವಾದಿಯೋ ಕಳ್ಳನೋ ಆಗಿ ಮೆರೀತೀರಿ. (ಆಫೀಸಲ್ಲಿ ಮ್ಯಾನೇಜರ್ ಎದುರು ತುಟಿ ಬಿಚ್ಚದೋರು ಇಲ್ಲಿ ಡ್ರ್ಯಾಗನ್‌ಗೇ ದಬಾಯಿಸೋದು ನೋಡ್ಬೇಕು!)

ಸರಿ, ಕತ್ತಿ ವಿಷಯಕ್ಕೆ ಬನ್ನಿ. 2014ರ ಡಂಜನ್ ಮಾಸ್ಟರ್ಸ್ ಗೈಡ್ ತೆಗೀರಿ. ಮಾಯಾವಸ್ತು ಯಾರು ಮಾಡಿದ್ದು, ಅದರ ಪೂರ್ವಚರಿತ್ರೆ ಏನು, ಸಣ್ಣ ಗುಣ ಯಾವುದು, ಚಾಳಿ ಯಾವುದು, ಎಲ್ಲಕ್ಕೂ ಒಂದೊಂದು ಪಟ್ಟಿ. ದಾಳ ಹಾಕೋದು, ಬಿದ್ದಿದ್ದು ತಗೊಳ್ಳೋದು. ಉತ್ತರ ದಿಕ್ಕು ತಿಳಿಸೋ ಗುಣ ಇದೆ, ಎಂದೂ ಕೊಳೆಯಾಗದ ಗುಣ ಇದೆ. ನೀವು ಕೆಟ್ಟ ಕೆಲಸಕ್ಕೆ ಕೈ ಹಾಕಿದ್ರೆ ಮನಸ್ಸಾಕ್ಷೀನ ಚುಚ್ಚೋದೂ ಇದೆ. (ನಿಮ್ಮ ಕೈಗೆ ಸಿಕ್ರೆ ಪಾಪ, ಅದಕ್ಕೆ ದಿನಾ ಓವರ್‌ಟೈಮ್.)

ಅಲ್ಲೀವರೆಗೆ ನಿಮ್ಮ ಮುಖ ಊರಗಲ. ಚಾಳಿಗೆ ಅಂತ 12 ಮುಖದ ದಾಳ ಹೊರಗೆ ಬಂತೋ, "ಅದು ಬೇಡ ಬಿಡು, ಟೈಮಾಯ್ತು" ಅಂತ ರಾಗ ಶುರು! ಯಾಕೆ ಸ್ವಾಮಿ? ಆ ಪಟ್ಟೀಲಿ ಸದಾ ಗೊಣಗೋದಿದೆ, ಬಳಸಿದಾಗಲೆಲ್ಲ ಜಾಗಟೆ ಬಾರಿಸೋದಿದೆ (ಕಳ್ಳಹೆಜ್ಜೆ ಇಡೋರಿಗೆ ಭಾಳ ಅನುಕೂಲ), ಇಟ್ಕೊಂಡೋರಿಗೆ ದುಡ್ಡಿನ ಹುಚ್ಚು ಹಿಡಿಸೋದಿದೆ. ಸೋಮಾರಿತನ ಬಿದ್ರೆ 8 ಗಂಟೆಯ ಲಾಂಗ್ ರೆಸ್ಟ್‌ಗೆ 10 ಗಂಟೆ ಬೇಕು. ಭಾನುವಾರ ಮಧ್ಯಾಹ್ನದ ಊಟಕ್ಕೇ ಏಳೋ ನಿಮಗೆ ಇದೂ ಒಂದು ಶಾಪಾನಾ?

ಇನ್ನೊಂದು ಕೇಳಿ. ಒಬ್ಬರು ಒಟ್ಟಿಗೆ ಮೂರು ಮಾಯಾವಸ್ತುಗಳ ಜೊತೆ ಅಟ್ಯೂನ್ ಆಗಬಹುದು, ಅಂದ್ರೆ ನಂಟು ಬೆಳೆಸಬಹುದು ಅನ್ನೋದು ನಿಯಮ. ಆದ್ರೆ ಹೊಟ್ಟೆಕಿಚ್ಚಿನ ಚಾಳಿ ಇರೋ ಕತ್ತಿ ಬಂತೋ, ಹೊಸದಾಗಿ ಬೇರೆ ಯಾವುದನ್ನೂ ಹತ್ರ ಸೇರಿಸಲ್ಲ. ಸವತಿ ಕಾಟವೇ!

ಅದೇ ಪಕ್ಕದೋನ ಗುರಾಣಿಗೆ ಗೊಣಗೋ ಚಾಳಿ ಬಿತ್ತು ಅನ್ನಿ, ನಿಮ್ಮ ನಗು ಬೀದಿ ತುದಿಗೆ ಕೇಳತ್ತೆ. "ರೂಲ್ ಅಂದ್ರೆ ರೂಲ್ ಕಣಯ್ಯ" ಅಂತ ಉಪದೇಶ ಬೇರೆ. ಅದು ಏನಂತ ಗೊಣಗಬೇಕು ಅಂತಲೂ ಡಿಎಂಗೆ ನೀವೇ ಹೇಳ್ಕೊಡ್ತೀರಿ: ಮೊಣಕಾಲು ನೋವಂತೆ, ಹಿಂದಿನ ಯಜಮಾನ ದಿನಾ ಎಣ್ಣೆ ಹಚ್ಚಿ ಒರೆಸ್ತಿದ್ನಂತೆ. (ಗುರಾಣಿಗೆ ಮೊಣಕಾಲು ಎಲ್ಲಿಂದ ಬಂತು ಅಂತ ಒಬ್ರಾದ್ರೂ ಕೇಳಿದ್ರಾ?) ಆಟ ಮುಗಿದ ಮೇಲೆ ಎಲ್ರ ಬಾಯಲ್ಲೂ ಆ ಗುರಾಣಿಯದ್ದೇ ಸುದ್ದಿ. ನಿಮ್ಮ ಬೆಂಕಿ ಕತ್ತಿ? ಇತ್ತಾ ಅದು?

ನಿಲುವಂಗಿ ವಿಷಯ ಬಿಟ್ಬಿಡ್ಲಾ? ಊಹೂಂ, ಬಿಡಲ್ಲ. ಇದೇ ಆಟದ 2017ರ ಪುಸ್ತಕ ಜಾನಥಾರ್ಸ್ ಗೈಡ್‌ನಲ್ಲಿ ಕ್ಲೋಕ್ ಆಫ್ ಬಿಲೋಯಿಂಗ್ ಅಂತ ಒಂದಿದೆ. ಬೇಕೆಂದಾಗ ಸಿನಿಮಾ ಸ್ಟೈಲಲ್ಲಿ ಪಟಪಟ ಹಾರೋದೊಂದೇ ಅದರ ಕೆಲಸ, ಯುದ್ಧಕ್ಕೆ ಎಳ್ಳಷ್ಟೂ ಉಪಯೋಗ ಇಲ್ಲ. ರಾಕ್ಷಸ ಎದುರು ನಿಂತಿದ್ದಾಗ ಬೋನಸ್ ಆ್ಯಕ್ಷನ್ ಖರ್ಚು ಮಾಡಿ ಅದನ್ನ ಹಾರಿಸಿದ್ದು ಯಾರಪ್ಪ? (ಆ ಕಡೆ ನೋಡ್ಬೇಡಿ, ನಿಮ್ಮನ್ನೇ ಕೇಳ್ತಿರೋದು.)

ಇನ್ನು ನಿಮ್ಮ ಬ್ಯಾಗ್ ಆಫ್ ಹೋಲ್ಡಿಂಗ್ ಅನ್ನೋ ಮಾಯಾಚೀಲ. 2014ರ ಗೈಡ್ ಪ್ರಕಾರ 500 ಪೌಂಡ್ ತುಂಬಿದ್ರೂ ತೂಕ ಬರೀ 15 ಪೌಂಡ್. ಅದರ ತಳದಲ್ಲಿ ಗಾಯ ಮಾಗಿಸೋ ಔಷಧಿ ಸೀಸೆಗಳ ಸಾಲು. ಬಣ್ಣ, ಬಿರಡೆ, ಲೇಬಲ್ಲು ಎಲ್ಲ ಡಿಎಂ ತಲೆ ತಿಂದು ನೀವೇ ಡಿಸೈನ್ ಮಾಡಿಸಿದ್ದು. ಕುಡಿಯೋಕೆ ಮನಸ್ಸಾದ್ರೂ ಹೇಗೆ ಬರತ್ತೆ? "ಇರ್ಲಿ, ದೊಡ್ಡ ಡ್ರ್ಯಾಗನ್ ಬಂದಾಗ ಬೇಕಾಗತ್ತೆ" ಅಂತ ಎತ್ತಿಟ್ರಿ. ಡ್ರ್ಯಾಗನ್ ಬಂತು, ನಿಮ್ಮನ್ನ ಹುರಿದೂ ಹಾಕ್ತು. ಸೀಸೆಗಳಾ? ಒಂದೂ ಒಡೆದಿಲ್ಲ.